ಒಂದೇ 10 ಮೆಗಾಹರ್ಟ್ಜ್, ನಾಲ್ಕು ಪೆಟ್ಟಿಗೆ: ಲಾಕ್ ತಪ್ಪಿದರೆ ಎಲ್ಲಿಂದ ಹುಡುಕಬೇಕು

ಮೈಸೂರಿನ ದೊಡ್ಡ ಗಡಿಯಾರಕ್ಕೂ ದೇವರಾಜ ಮಾರುಕಟ್ಟೆಯ ಮುಂದಿನ ಚಿಕ್ಕ ಗಡಿಯಾರಕ್ಕೂ ಒಂದೆರಡು ನಿಮಿಷ ಹೆಚ್ಚುಕಡಿಮೆಯಾದರೆ ಹೂ ಕೊಳ್ಳಲು ಬಂದವರಿಗೇನೂ ನಷ್ಟವಿಲ್ಲ. ರೇಡಿಯೊ ಕೋಣೆಯಲ್ಲಿ ಆ ಸಡಿಲ ನಡೆಯುವುದಿಲ್ಲ. ಹ್ಯಾಮ್ ರೇಡಿಯೊದವರು ಬಳಸುವ ಕ್ಯೂಒ-100 ಉಪಗ್ರಹವನ್ನು 10.489 ಗಿಗಾಹರ್ಟ್ಜ್‌ನಲ್ಲಿ ಕೇಳುವಾಗ ಹತ್ತು ಲಕ್ಷಕ್ಕೆ ಒಂದು ಪಾಲು, ಅಂದರೆ 1 ಪಿಪಿಎಂ, ತಪ್ಪಿದರೂ ಸ್ಟೇಷನ್ 10.5 ಕಿಲೋಹರ್ಟ್ಜ್ ಆಚೆ ಕಾಣಿಸುತ್ತದೆ. ಎಸ್‌ಎಸ್‌ಬಿ (ಕಿರಿದಾದ ಜಾಗದಲ್ಲಿ ಮಾತು ಕಳಿಸುವ ವಿಧಾನ) ಮಾತಿನ ಒಟ್ಟು ಅಗಲವೇ ಸುಮಾರು 2.7 ಕಿಲೋಹರ್ಟ್ಜ್.

ಅದಕ್ಕೇ ತಾರಸಿಯ ಮೇಲೊಂದು ಜಿಪಿಎಸ್ ಆಂಟೆನಾ, ಕೋಣೆಯಲ್ಲೊಂದು ಜಿಪಿಎಸ್‌ಡಿಒ (ಜಿಪಿಎಸ್ ಹೇಳಿದಂತೆ ನಡೆಯುವ ಆಸಿಲೇಟರ್) ಇಟ್ಟು, ಅದರ 10 ಮೆಗಾಹರ್ಟ್ಜ್ ಅನ್ನು ರೆಫರೆನ್ಸ್ ಆಗಿ, ಅಂದರೆ ಎಲ್ಲರೂ ಹಿಡಿಯಬೇಕಾದ ಒಂದೇ ತಾಳವಾಗಿ, ಎಲ್ಲ ಪೆಟ್ಟಿಗೆಗಳಿಗೂ ಹಂಚುವುದು. ಪೆಟ್ಟಿಗೆಯ ಒಳಗಿನ ಆಸಿಲೇಟರ್ ಆ ತಾಳಕ್ಕೆ ಕಟ್ಟುಬಿದ್ದರೆ ಅದೇ ಲಾಕ್. ಇಲ್ಲಿ ಲೆಕ್ಕಕ್ಕೆ ಹಿಡಿದಿರುವುದು ನಾಲ್ಕು: ಒಂದು ಎಸ್‌ಡಿಆರ್ (ಸಾಫ್ಟ್‌ವೇರ್‌ನಿಂದ ನಡೆಯುವ ರೇಡಿಯೊ), ಒಂದು ವಿಎಚ್‌ಎಫ್-ಯುಎಚ್‌ಎಫ್ ಟ್ರಾನ್ಸೀವರ್ (ಕಳಿಸುವುದೂ ಕೇಳುವುದೂ ಒಂದರಲ್ಲೇ), ಒಂದು ಫ್ರೀಕ್ವೆನ್ಸಿ ಕೌಂಟರ್, ಮತ್ತು ಎಲ್‌ಎನ್‌ಬಿಗೆ (ಡಿಶ್‌ನ ಮುಂದೆ ಕೂತು ಉಪಗ್ರಹದ ಸಿಗ್ನಲ್ಲನ್ನು ಕೆಳಗಿನ ಫ್ರೀಕ್ವೆನ್ಸಿಗೆ ಇಳಿಸುವ ಭಾಗ) 25 ಮೆಗಾಹರ್ಟ್ಜ್ ಮಾಡಿಕೊಡುವ ಸಣ್ಣ ಸಿಂಥಸೈಜರ್ ಬೋರ್ಡ್. ತೊಂದರೆ ಬಂದಾಗ ಎಲ್ಲರ ಕೈ ಮೊದಲು ಹೋಗುವುದು ಜಿಪಿಎಸ್‌ಡಿಒ ಕಡೆಗೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ. ತಪ್ಪು ಹೆಚ್ಚಾಗಿ ಇರುವುದು ಹಂಚುವ ಕೇಬಲ್ಲಿನಲ್ಲಿ, ಅದರ ಎರಡು ತುದಿಗಳಲ್ಲಿ.

ಪೆಟ್ಟಿಗೆ ರೆಫರೆನ್ಸ್ ಕೇಳುತ್ತಿದೆಯೇ?

ಹೊರಗಿನ ರೆಫರೆನ್ಸ್ ಕನೆಕ್ಟರ್‌ಗೆ ಕೇಬಲ್ ಸಿಕ್ಕಿಸಿದ ಮಾತ್ರಕ್ಕೆ ಪೆಟ್ಟಿಗೆ ಅದನ್ನು ಬಳಸುತ್ತದೆ ಎಂದಲ್ಲ. ಕೆಲವಕ್ಕೆ ಮೆನುವಿನಲ್ಲಿ 'ಎಕ್ಸ್‌ಟರ್ನಲ್' ಎಂದು ಆರಿಸಬೇಕು, ಕೆಲವಕ್ಕೆ ಸಾಫ್ಟ್‌ವೇರ್ ಆದೇಶ ಬೇಕು. ಹ್ಯಾಕ್‌ಆರ್‌ಎಫ್ ಒನ್ ಎಂಬ ಎಸ್‌ಡಿಆರ್ ಹೊರಗಿನ ಕ್ಲಾಕ್, ಅಂದರೆ ರೆಫರೆನ್ಸ್, ಇದೆಯೋ ಇಲ್ಲವೋ ಎಂದು ನೋಡುವುದು ರಿಸೀವ್ ಅಥವಾ ಟ್ರಾನ್ಸ್‌ಮಿಟ್ ಶುರುವಾಗುವ ಕ್ಷಣದಲ್ಲಿ ಮಾತ್ರ. ಓಡುತ್ತಿರುವಾಗ ಕೇಬಲ್ ಸಿಕ್ಕಿಸಿ "ಏನೂ ಬದಲಾಗಲಿಲ್ಲ" ಎಂದರೆ ಅದರ ತಪ್ಪಲ್ಲ. ನಿಲ್ಲಿಸಿ ಮತ್ತೆ ಶುರು ಮಾಡಿ.

ಖಾತ್ರಿ ಮಾಡಿಕೊಳ್ಳಲು ಅಗ್ಗದ ಪರೀಕ್ಷೆಯೊಂದಿದೆ. ಜಿಪಿಎಸ್‌ಡಿಒದ ಔಟ್‌ಪುಟ್‌ನಲ್ಲಿ 10 ಮೆಗಾಹರ್ಟ್ಜ್‌ನ ಗುಣಕಗಳೂ ಇರುತ್ತವೆ, ಚೌಕ ಅಲೆಯಾದರಂತೂ ಧಾರಾಳ. ಆ ಕೇಬಲ್ಲಿನ ಹತ್ತಿರ ಒಂದು ಗೇಣು ತಂತಿಯನ್ನು ಆಂಟೆನಾದಂತೆ ಇಟ್ಟು ಎಸ್‌ಡಿಆರ್ ಅನ್ನು 430 ಮೆಗಾಹರ್ಟ್ಜ್‌ಗೆ ಟ್ಯೂನ್ ಮಾಡಿ. ಪರದೆಯ ಮೇಲೆ ಒಂದು ಗೆರೆ ಕಾಣುತ್ತದೆ. ಲಾಕ್ ಆಗಿದ್ದರೆ ಆ ಗೆರೆ ತನ್ನ ಜಾಗದಲ್ಲೇ ನಿಂತಿರುತ್ತದೆ, ಎಸ್‌ಡಿಆರ್‌ಗೆ ಬೆಚ್ಚಗಿನ ಗಾಳಿ ಊದಿದರೂ ಕದಲುವುದಿಲ್ಲ. ಲಾಕ್ ಇಲ್ಲದಿದ್ದರೆ ತೆವಳುತ್ತದೆ. ಇದು ಲಾಕ್ ಪರೀಕ್ಷೆಯೇ ಹೊರತು ನಿಖರತೆಯ ಪರೀಕ್ಷೆಯಲ್ಲ. ಜಿಪಿಎಸ್‌ಡಿಒ ತಾನೇ ತಪ್ಪಿದ್ದರೂ ಇಬ್ಬರೂ ಒಟ್ಟಿಗೆ ತಪ್ಪುವುದರಿಂದ ಗೆರೆ ನಿಂತೇ ಇರುತ್ತದೆ.

ಗೆರೆ ನಿಂತಿದೆ, ಆದರೆ ತಪ್ಪು ಜಾಗದಲ್ಲಿ ನಿಂತಿದೆಯೇ? ಹಾಗಿದ್ದರೆ ಸಾಫ್ಟ್‌ವೇರ್‌ನ ಪಿಪಿಎಂ ಖಾನೆ ತೆರೆದು ನೋಡಿ. ರೆಫರೆನ್ಸ್ ಬರುವ ಮೊದಲು ಹಾಕಿಟ್ಟಿದ್ದ 23 ಪಿಪಿಎಂ ತಿದ್ದುಪಡಿ ಅಲ್ಲೇ ಕುಳಿತಿರುತ್ತದೆ. ಎಲ್‌ಎನ್‌ಬಿ ಎಷ್ಟು ಕೆಳಗಿಳಿಸುತ್ತದೆ ಎಂದು ಬರೆಯುವ ಆಫ್‌ಸೆಟ್ ಖಾನೆಯದೂ ಇದೇ ಕಥೆ: 9750 ಮೆಗಾಹರ್ಟ್ಜ್ ಎಂದಿರಬೇಕಾದಲ್ಲಿ ಯಾವಾಗಲೋ ಹೊಂದಿಸಿದ 9749.987 ಇರುತ್ತದೆ. ಎರಡನ್ನೂ ಶುದ್ಧ ಮಾಡಿದ ಮೇಲೆ ಮುಂದಿನ ಮಾತು. ಎಸ್‌ಡಿಆರ್‌ನ ಒಳಗಿನ ಪಿಎಲ್‌ಎಲ್ (ರೆಫರೆನ್ಸ್‌ನಿಂದ ಬೇರೆ ಫ್ರೀಕ್ವೆನ್ಸಿ ಕಟ್ಟುವ ಸರ್ಕ್ಯೂಟ್) ಲೆಕ್ಕ ಪೂರ್ಣಾಂಕಕ್ಕೆ ಸರಿಹೋಗದೆ ಕೆಲವೇ ಹರ್ಟ್ಜ್ ಸ್ಥಿರವಾಗಿ ಉಳಿದರೆ ಅದನ್ನು ಬಿಟ್ಟುಬಿಡಿ.

ಅಳೆಯುವ ಮುನ್ನ 50 ಓಮ್

ಮೂಲದ ಮಟ್ಟ ಅಳೆಯುವಾಗ ಆಗುವ ತಪ್ಪು ಒಂದೇ: ಸ್ಕೋಪಿನ (ಅಲೆಯ ಆಕಾರ ತೋರಿಸುವ ಆಸಿಲೋಸ್ಕೋಪಿನ) ಇನ್‌ಪುಟ್ 1 ಮೆಗಾಓಮ್‌ನಲ್ಲಿ ಇರುತ್ತದೆ. 50 ಓಮ್ ಭಾರ ಇಲ್ಲದೆ ನೋಡಿದರೆ ವೋಲ್ಟೇಜ್ ಎರಡು ಪಟ್ಟು ಕಾಣುತ್ತದೆ. ಸ್ಕೋಪಿನ ಬಾಯಲ್ಲೇ ಟಿ (ಸಾಲನ್ನು ಎರಡಾಗಿ ಕವಲೊಡೆಸುವ ಕನೆಕ್ಟರ್) ಹಾಕಿ ಅದರ ಇನ್ನೊಂದು ಕೈಗೆ 50 ಓಮ್ ಟರ್ಮಿನೇಟರ್ (ಸಾಲಿನ ತುದಿ ಮುಚ್ಚುವ ರೆಸಿಸ್ಟರ್) ಸಿಕ್ಕಿಸಿ, ಆಮೇಲೆ ಓದಿ. ಸೈನ್ ಅಲೆಗೆ ತುದಿಯಿಂದ ತುದಿಗೆ 2.8 ವೋಲ್ಟ್ ಬಂದರೆ 13 ಡಿಬಿಎಂ (1 ಮಿಲಿವ್ಯಾಟ್ ಅನ್ನು 0 ಎಂದು ಹಿಡಿದ ಶಕ್ತಿಯ ಅಳತೆ), 2 ವೋಲ್ಟ್ ಬಂದರೆ 10, 1.4 ಬಂದರೆ 7, 0.63 ಬಂದರೆ 0 ಡಿಬಿಎಂ. ಈ ನಾಲ್ಕು ಅಂಕಿಗಳನ್ನು ಗೋಡೆಗೆ ಅಂಟಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು. ಅಲ್ಲಿಂದ ಪ್ರತಿ ಕೇಬಲ್ಲನ್ನೂ ಪೆಟ್ಟಿಗೆಯ ತುದಿಯಲ್ಲಿ ಬಿಚ್ಚಿ ಹೀಗೆಯೇ ಅಳೆಯಿರಿ. ಆರ್‌ಜಿ-58 ಕೇಬಲ್ 10 ಮೆಗಾಹರ್ಟ್ಜ್‌ನಲ್ಲಿ ಹತ್ತು ಮೀಟರಿಗೆ ಅರ್ಧ ಡಿಬಿಯಷ್ಟು ಮಾತ್ರ ತಿನ್ನುತ್ತದೆ. ಒಂದು ಕೈಯಲ್ಲಿ 3 ಡಿಬಿ ಕಡಿಮೆಯಾಗಿದ್ದರೆ, ಅಂದರೆ ಶಕ್ತಿ ಅರ್ಧಕ್ಕಿಳಿದಿದ್ದರೆ, ಕೇಬಲ್ ಉದ್ದವನ್ನು ದೂರಬೇಡಿ, ಕನೆಕ್ಟರ್ ನೋಡಿ.

ಕನೆಕ್ಟರ್ ಎಂದಾಗ ಎಸ್‌ಎಂಎ (ತಿರುಪಿನ ಸಣ್ಣ ಕನೆಕ್ಟರ್) ಬಗ್ಗೆ ಒಂದು ಎಚ್ಚರ. ವೈಫೈ ರೂಟರ್‌ನಿಂದ ಬಿಚ್ಚಿದ ಕೇಬಲ್‌ಗಳಲ್ಲಿರುವುದು ಆರ್‌ಪಿ-ಎಸ್‌ಎಂಎ. ತಿರುಪು ಸರಿಯಾಗಿ ಕೂರುತ್ತದೆ, ಬಿಗಿಯೂ ಆಗುತ್ತದೆ, ಆದರೆ ನಡುವೆ ಎರಡೂ ಕಡೆ ತೂತು, ಪಿನ್ನೇ ಇಲ್ಲ. ಪೂರ್ತಿ ಸತ್ತಿದ್ದರೆ ಬೇಗ ಗೊತ್ತಾಗುತ್ತಿತ್ತು. ತೂತುಗಳ ನಡುವಿನ ಅಲ್ಪ ಕೆಪಾಸಿಟಿಯಿಂದ ಸ್ವಲ್ಪ ಸಿಗ್ನಲ್ ಸೋರುವುದರಿಂದ ಸೂಕ್ಷ್ಮ ಇನ್‌ಪುಟ್ ಇರುವ ಪೆಟ್ಟಿಗೆ ಒಮ್ಮೆ ಲಾಕ್ ಆಗುತ್ತದೆ, ಒಮ್ಮೆ ಬಿಡುತ್ತದೆ.

ಟಿ ಕನೆಕ್ಟರ್‌ನ ಕಿತಾಪತಿ

ಹೆಚ್ಚು ತಲೆಕೆಡಿಸುವ ದೋಷ ಇದು, ನಿಧಾನವಾಗಿ ನೋಡಬೇಕು. ಲಕ್ಷಣ ಹೀಗಿರುತ್ತದೆ: ನಾಲ್ಕೂ ಪೆಟ್ಟಿಗೆ ಚೆನ್ನಾಗಿ ನಡೆಯುತ್ತಿವೆ. ಕೌಂಟರ್ ಬೇರೆ ಕೆಲಸಕ್ಕೆ ಬೇಕೆಂದು ಅದರ ಕೇಬಲ್ ಬಿಚ್ಚಿಟ್ಟರೆ ಉಳಿದ ಮೂರೂ ಒಟ್ಟಿಗೆ ಲಾಕ್ ಕಳೆದುಕೊಳ್ಳುತ್ತವೆ. ತೆಗೆದದ್ದು ಒಂದು, ಬಿದ್ದದ್ದು ಮೂರು.

ಮೊದಲು ಟಿಯ ಪರವಾಗಿ ಒಂದು ಮಾತು. ಸಾಲಾಗಿ ಟಿಗಳನ್ನು ಜೋಡಿಸಿ 50 ಓಮ್‌ನ ನಾಲ್ಕು ಭಾರ ಹಾಕಿದರೆ ಪ್ರತಿಯೊಂದಕ್ಕೂ ಸಿಗುವುದು ಒಂದೇ ಭಾರ ಇದ್ದಾಗಿಗಿಂತ 8 ಡಿಬಿ ಕಡಿಮೆ. ಎರಡು ಭಾರಕ್ಕೆ 3.5, ಮೂರಕ್ಕೆ 6. ಅಂದರೆ 13 ಡಿಬಿಎಂ ಮೂಲದಿಂದ ನಾಲ್ವರಿಗೂ 5 ಡಿಬಿಎಂ ಬರುತ್ತದೆ, ಅಷ್ಟೇನೂ ಕೆಟ್ಟದ್ದಲ್ಲ. ಹಾಗಾಗಿಯೇ ಮೊದಲ ದಿನ ಎಲ್ಲವೂ ಸರಿಯಾಗಿ ಕಾಣುತ್ತದೆ.

ಕೆಡುವುದು ಒಂದು ತುದಿ ಖಾಲಿ ಬಿದ್ದಾಗ. 10 ಮೆಗಾಹರ್ಟ್ಜ್‌ನ ತರಂಗಾಂತರ 30 ಮೀಟರ್, ಅದರ ಕಾಲು ಭಾಗ 7.5 ಮೀಟರ್. ಆರ್‌ಜಿ-58 ಒಳಗೆ ಅಲೆಯ ವೇಗ ಗಾಳಿಯಲ್ಲಿರುವುದರ 0.66 ಪಟ್ಟು, ಹಾಗಾಗಿ ಕೇಬಲ್ಲಿನಲ್ಲಿ ಆ ಕಾಲು ಭಾಗ 4.95 ಮೀಟರ್ ಆಗುತ್ತದೆ. ಕಾಲು ತರಂಗಾಂತರದ ಕೇಬಲ್ಲಿನ ಒಂದು ತುದಿ ತೆರೆದಿದ್ದರೆ ಇನ್ನೊಂದು ತುದಿ ಶಾರ್ಟ್ ಆದಂತೆ ವರ್ತಿಸುತ್ತದೆ. ಮೇಜಿನಿಂದ ಮೂಲೆಯ ರ‍್ಯಾಕ್‌ವರೆಗೆ ಎಳೆದ 5 ಮೀಟರ್ ಕೇಬಲ್ ಬಿಚ್ಚಿಟ್ಟರೆ ಟಿಯ ಜಾಗದಲ್ಲಿ ಇಡೀ ರೆಫರೆನ್ಸ್ ಅನ್ನು ಗ್ರೌಂಡ್‌ಗೆ ಅಂಟಿಸಿದಂತೆ. ಅದೇ ಕೇಬಲ್ 10 ಮೀಟರ್ ಇದ್ದಿದ್ದರೆ ಅರ್ಧ ತರಂಗಾಂತರವಾಗಿ ಏನೂ ಆಗುತ್ತಿರಲಿಲ್ಲ. "ನಮ್ಮಲ್ಲಿ ಟಿ ಹಾಕಿದರೂ ಚೆನ್ನಾಗಿಯೇ ಇದೆ" ಎನ್ನುವವರ ಕೇಬಲ್ ಉದ್ದ ಕೇಳಿ ನೋಡಿ.

ಇದರ ಇನ್ನೊಂದು ರೂಪ ಇನ್ನೂ ಕಪಟ. ಹ್ಯಾಕ್‌ಆರ್‌ಎಫ್‌ನ ಕ್ಲಾಕ್ ಇನ್‌ಪುಟ್ 50 ಓಮ್ ಅಲ್ಲ, ಹೈ ಇಂಪೀಡೆನ್ಸ್, ಅಂದರೆ ಕರೆಂಟನ್ನು ಹೆಚ್ಚುಕಡಿಮೆ ಎಳೆಯುವುದೇ ಇಲ್ಲ. ಕೇಬಲ್ಲಿನ ಕಣ್ಣಿಗೆ ಅದು ಖಾಲಿ ತುದಿಯೇ. ಟಿಯಿಂದ 5 ಮೀಟರ್ ಕೇಬಲ್ಲಿನಲ್ಲಿ ಅದನ್ನು ಸಿಕ್ಕಿಸಿದರೆ ಉಳಿದವರಿಗೆ ಶಾರ್ಟ್. ಆದರೆ ತೆರೆದ ತುದಿಯಲ್ಲಿ ಮಾತ್ರ ಮೂಲದ ಪೂರ್ತಿ ವೋಲ್ಟೇಜ್ ನಿಲ್ಲುತ್ತದೆ: 13 ಡಿಬಿಎಂ ಮೂಲವಾದರೆ ತುದಿಯಿಂದ ತುದಿಗೆ 5.6 ವೋಲ್ಟ್. ನಾಲೆಯ ಒಂದು ತೂಬು ಪೂರಾ ತೆರೆದುಬಿಟ್ಟರೆ ಒಂದು ಗದ್ದೆ ತುಂಬಿ ಉಕ್ಕಿ ಉಳಿದವು ಒಣಗುವ ಹಾಗೆ, ತಪ್ಪು ಮಾಡಿದ ಪೆಟ್ಟಿಗೆ ಲಾಕ್ ಆಗಿಯೇ ಇರುತ್ತದೆ, ಉಳಿದವು ಬಿಡುತ್ತವೆ. ಜನ ಸರಿಯಿರುವ ಪೆಟ್ಟಿಗೆಗಳನ್ನು ಬಿಚ್ಚುತ್ತಾರೆ.

ಪರಿಹಾರ ಸರಳ. ಹೈ ಇಂಪೀಡೆನ್ಸ್ ಇನ್‌ಪುಟ್‌ನ ಬೆನ್ನಿಗೇ ಟಿ ಇಟ್ಟು 50 ಓಮ್ ಟರ್ಮಿನೇಟರ್ ಹಾಕಿ. ಎಲ್ಲವೂ ಹೈ ಇಂಪೀಡೆನ್ಸ್ ಆಗಿದ್ದರೆ ಒಂದೇ ಕೇಬಲ್ಲನ್ನು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಸಾಗಿಸಿ, ಪ್ರತಿ ಟಿಯನ್ನೂ ಕನೆಕ್ಟರ್‌ಗೆ ನೇರವಾಗಿ ಕೂರಿಸಿ, ಕೊನೆಯದರಲ್ಲಿ ಮಾತ್ರ ಒಂದು ಟರ್ಮಿನೇಟರ್ ಸಾಕು. ಹಳೆಯ ಕಾಲದ ತೆಳು ಕೋಆಕ್ಸ್ ಈಥರ್ನೆಟ್ ಎಳೆಯುತ್ತಿದ್ದದ್ದೂ ಹೀಗೆಯೇ, ಅಲ್ಲಿ ಟರ್ಮಿನೇಟರ್ ಮಾತ್ರ ಎರಡೂ ತುದಿಗೆ. 50 ಓಮ್ ಮತ್ತು ಹೈ ಇಂಪೀಡೆನ್ಸ್ ಎರಡೂ ಕಲೆತಿದ್ದರೆ ಟಿ ಬಿಟ್ಟು ಸಿಗ್ನಲ್ಲನ್ನು ಸಮಪಾಲು ಮಾಡುವ ಸ್ಪ್ಲಿಟರ್‌ಗೆ ಬನ್ನಿ.

ಸ್ಪ್ಲಿಟರ್ ಆರಿಸುವುದು

ಕೇಬಲ್ ಟಿವಿ ಸಾಮಾನು ಮಾರುವ ಯಾವ ಅಂಗಡಿಯಲ್ಲೂ ಸಿಗುವ ನಾಲ್ಕು ದಾರಿಯ ಸ್ಪ್ಲಿಟರ್ ಈ ಕೆಲಸಕ್ಕೆ ಬರುತ್ತದೆ, ಮೈಮೇಲಿನ ಅಂಕಿ ಓದಿ ಕೊಂಡರೆ. 5ರಿಂದ ಶುರುವಾಗುವುದು (5-1000 ಅಥವಾ 5-2400 ಮೆಗಾಹರ್ಟ್ಜ್) ಬೇಕು. 950ರಿಂದ ಶುರುವಾಗುವುದು ಡಿಟಿಎಚ್‌ನದು, 10 ಮೆಗಾಹರ್ಟ್ಜ್ ಅದರಲ್ಲಿ ಸಾಗುವುದಿಲ್ಲ. ಅವು 75 ಓಮ್ ಎಂಬುದು ದೊಡ್ಡ ಅಡ್ಡಿಯಲ್ಲ, 50 ಓಮ್‌ಗೆ ಜೋಡಿಸಿದಾಗ ನಷ್ಟ 0.2 ಡಿಬಿಗಿಂತ ಕಡಿಮೆ. ನಾಲ್ಕು ಪಾಲಿಗೆ 6 ಡಿಬಿ, ಒಳನಷ್ಟ ಸುಮಾರು 1 ಡಿಬಿ ಸೇರಿ 7. 13 ಡಿಬಿಎಂ ಹಾಕಿದರೆ 10 ಮೀಟರ್ ಕೇಬಲ್ ದಾಟಿ 5.5 ಡಿಬಿಎಂ, ಅಂದರೆ 1.2 ವೋಲ್ಟ್ ಸಿಗಬೇಕು. ಬಳಸದ ಬಾಯಿಯನ್ನು ಖಾಲಿ ಬಿಡದೆ ಟರ್ಮಿನೇಟರ್ ಹಾಕಿ. ಇಲ್ಲದಿದ್ದರೆ ಒಂದು ಕೈಯಿಂದ ಇನ್ನೊಂದಕ್ಕೆ ಇರಬೇಕಾದ 20 ಡಿಬಿ ತಡೆ ಕುಸಿಯುತ್ತದೆ.

ರೆಸಿಸ್ಟರ್‌ಗಳಿಂದ ಮನೆಯಲ್ಲೇ ಕಟ್ಟುವುದಾದರೆ ಮೂಲಕ್ಕೊಂದು, ಔಟ್‌ಪುಟ್‌ಗೆ ಒಂದೊಂದರಂತೆ ಐದು ರೆಸಿಸ್ಟರ್ ನಕ್ಷತ್ರದಂತೆ ಸೇರಬೇಕು, ಪ್ರತಿಯೊಂದೂ 30 ಓಮ್. ನಷ್ಟ 12 ಡಿಬಿ, ಕೈಗಳ ನಡುವಿನ ತಡೆಯೂ ಅಷ್ಟೇ. ಮೂಲ ಗಟ್ಟಿಯಿದ್ದು, ಪೆಟ್ಟಿಗೆಗಳನ್ನು ಬಿಚ್ಚಿ ಜೋಡಿಸುವ ಕೆಲಸ ಇಲ್ಲದ ಕಡೆ ಮಾತ್ರ ಇದು ಸಾಕು.

ಸ್ಪ್ಲಿಟರ್ ಹಾಕಿದ ಮೇಲೆ ಮೂಲವೇ ಬಿಸಿಯಾಯಿತೇ, ಅಲೆ ಒಂದು ಕಡೆ ಚಪ್ಪಟೆಯಾಯಿತೇ? ನಿಮ್ಮ ಜಿಪಿಎಸ್‌ಡಿಒ 0-3.3 ವೋಲ್ಟ್ ಚೌಕ ಅಲೆ ಕೊಡುವಂಥದ್ದು. ಅದರಲ್ಲಿ ಸರಾಸರಿ 1.65 ವೋಲ್ಟ್ ಡಿಸಿ ಇದೆ, ಸ್ಪ್ಲಿಟರ್ ಒಳಗಿನ ಟ್ರಾನ್ಸ್‌ಫಾರ್ಮರ್ ಅದನ್ನು ನೇರ ಗ್ರೌಂಡ್‌ಗೆ ಎಳೆಯುತ್ತದೆ. ಸರಣಿಯಲ್ಲಿ 100 ನ್ಯಾನೊಫ್ಯಾರಡ್ ಕೆಪಾಸಿಟರ್ ಒಂದು ಸಾಕು. ಜೊತೆಗೆ ಗುಣಕಗಳನ್ನು ಕತ್ತರಿಸಲು ಒಂದು ಲೋ-ಪಾಸ್ ಫಿಲ್ಟರ್ ಹಾಕುವುದು ಒಳ್ಳೆಯದು: ಎರಡು ಬದಿಗೆ 220 ಪಿಕೊಫ್ಯಾರಡ್, ನಡುವೆ 1.1 ಮೈಕ್ರೊಹೆನ್ರಿ. ಟಿ50-6 ಎಂಬ ಹಳದಿ ಕಬ್ಬಿಣಪುಡಿ ಉಂಗುರದ ಮೇಲೆ 17 ಸುತ್ತು ಸುತ್ತಿದರೆ ಆ ಬೆಲೆ ಬರುತ್ತದೆ. 10 ಮೆಗಾಹರ್ಟ್ಜ್‌ನಲ್ಲಿ ಅರ್ಧ ಡಿಬಿ ಹೋಗುತ್ತದೆ, 30ರಲ್ಲಿ 20 ಡಿಬಿ ಕತ್ತರಿಸುತ್ತದೆ.

ನಾಲ್ಕಕ್ಕಿಂತ ಹೆಚ್ಚು ಪೆಟ್ಟಿಗೆ ಇದ್ದರೆ ಆಂಪ್ಲಿಫೈಯರ್ ಬೇಕೇ ಬೇಕು. ಆಪ್‌ಆಂಪ್ (ಆಂಪ್ಲಿಫೈಯರ್ ಐಸಿ) ಎರಡು ಪಟ್ಟು ಗೇನ್‌ನಲ್ಲಿ, ಪ್ರತಿ ಔಟ್‌ಪುಟ್‌ಗೂ ಬೇರೆ ಬೇರೆ 49.9 ಓಮ್. 50 ಓಮ್‌ಗೆ 2 ವೋಲ್ಟ್ ತಲುಪಬೇಕಾದರೆ ಆಪ್‌ಆಂಪ್ 4 ವೋಲ್ಟ್ ಆಡಬೇಕು. 10 ಮೆಗಾಹರ್ಟ್ಜ್‌ನಲ್ಲಿ ಅದಕ್ಕೆ ಮೈಕ್ರೊಸೆಕೆಂಡಿಗೆ 126 ವೋಲ್ಟ್ ಸ್ಲೂ ರೇಟ್ (ವೋಲ್ಟೇಜ್ ಬದಲಾಗುವ ವೇಗ) ಬೇಕು. ಡಬ್ಬಿಯಲ್ಲಿ ಬಿದ್ದಿರುವ ಟಿಎಲ್072ರದ್ದು 13. ವಿಡಿಯೊ ಕೆಲಸಕ್ಕೆಂದು ಮಾಡಿದ ಐಸಿಯನ್ನೇ ತನ್ನಿ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವವರ ಕೈಲಿ ಚೀಟಿ ಕೊಟ್ಟರೆ ಆಯಿತು.

ಯಾರಿಗೆ ಎಷ್ಟು

ಎಲ್ಲರಿಗೂ ಒಂದೇ ಅಳತೆ ಬಡಿಸಿದರೆ ಕೆಲವರಿಗೆ ಅಜೀರ್ಣ. ಕೆಲವು ಟ್ರಾನ್ಸೀವರ್‌ಗಳು ಕೇಳುವುದು ಮೈನಸ್ 10 ಡಿಬಿಎಂ ಮಾತ್ರ. ಅಂಥದ್ದಕ್ಕೆ 5.5 ಡಿಬಿಎಂ ಕೊಟ್ಟರೆ ಲಾಕ್ ದೀಪ ಉರಿಯಬಹುದು, ಆದರೆ ಇನ್‌ಪುಟ್ ಹಂತ ಹಿಂಡಿಹೋಗಿ ರಿಸೀವರ್ ತುಂಬ 10 ಮೆಗಾಹರ್ಟ್ಜ್‌ನ ಮುಳ್ಳುಗಳು ಏಳುತ್ತವೆ. ಮಟ್ಟ ತಗ್ಗಿಸಲು ರೆಸಿಸ್ಟರ್‌ಗಳ ಪ್ಯಾಡ್ ಹಾಕಿ. 10 ಡಿಬಿ ಪ್ಯಾಡ್‌ಗೆ ಎರಡು ಬದಿಯಲ್ಲಿ ಗ್ರೌಂಡ್‌ಗೆ 96, ನಡುವೆ 71 ಓಮ್. 20 ಡಿಬಿಗೆ 61 ಮತ್ತು 248. ಹತ್ತಿರದ ಬೆಲೆಯ ಕಾಲು ವ್ಯಾಟ್ ಕಾರ್ಬನ್ ಅಥವಾ ಮೆಟಲ್ ಫಿಲ್ಮ್ ರೆಸಿಸ್ಟರ್ ಸಾಕು, ಕಾಲುಗಳನ್ನು ಗಿಡ್ಡ ಇಡಿ.

ಹ್ಯಾಕ್‌ಆರ್‌ಎಫ್‌ನದು ತದ್ವಿರುದ್ಧ. ಅದು ಬಯಸುವುದು 3.3 ವೋಲ್ಟ್ ಚೌಕ ಅಲೆ. 0ಗಿಂತ ಕೆಳಗೆ, 3.3ಕ್ಕಿಂತ ಮೇಲೆ ಹೋಗಬಾರದು. ಸೈನ್ ಅಲೆ ಅರ್ಧ ಹೊತ್ತು ಸೊನ್ನೆಯ ಕೆಳಗೇ ಇರುತ್ತದೆ. ಅದರ ಮುಂದೆ ಒಂದು ಕೆಪಾಸಿಟರ್, 1.65 ವೋಲ್ಟ್‌ಗೆ ಎತ್ತುವ ಎರಡು 10 ಕಿಲೋಓಮ್ ರೆಸಿಸ್ಟರ್, ಆಮೇಲೆ 3.3 ವೋಲ್ಟ್‌ನಲ್ಲಿ ನಡೆಯುವ ಒಂದು ಷ್ಮಿಟ್ ಗೇಟ್ ಇಟ್ಟು ಚೌಕ ಮಾಡಿಕೊಡಿ.

ಇಬ್ಬರು ಯಜಮಾನರು

ಲಾಕ್ ಇದೆ, ಮಟ್ಟ ಸರಿಯಿದೆ, ಆದರೂ ಸ್ಕೋಪಿನಲ್ಲಿ ರೆಫರೆನ್ಸ್‌ನ ಎತ್ತರ ಉಸಿರಾಡಿದಂತೆ ಏರಿಳಿಯುತ್ತಿದೆ. ಹೀಗಾದರೆ ಸಾಲಿನಲ್ಲಿ ಎರಡನೇ 10 ಮೆಗಾಹರ್ಟ್ಜ್ ಇದೆ ಎಂದೇ ತಿಳಿಯಿರಿ. ಏರಿಳಿತ ಎರಡು ಸೆಕೆಂಡಿಗೊಮ್ಮೆ ಆದರೆ ಎರಡರ ನಡುವಿನ ಅಂತರ ಅರ್ಧ ಹರ್ಟ್ಜ್. ಸಾಮಾನ್ಯವಾಗಿ ಕೌಂಟರಿನ ಬೆನ್ನಲ್ಲಿ 'ರೆಫ್ ಔಟ್' ಮತ್ತು 'ರೆಫ್ ಇನ್' ಪಕ್ಕಪಕ್ಕ ಇರುತ್ತವೆ, ಕತ್ತಲಲ್ಲಿ ಕೈ ತಪ್ಪಿರುತ್ತದೆ. ಇನ್ನು ಕೆಲವದರಲ್ಲಿ ಎರಡಕ್ಕೂ ಒಂದೇ ಕನೆಕ್ಟರ್, ಸ್ವಿಚ್‌ನಿಂದ ದಿಕ್ಕು ಬದಲು. ಒಂದೊಂದೇ ಕೈ ಬಿಚ್ಚಿ ಟರ್ಮಿನೇಟರ್ ಹಾಕುತ್ತ ಹೋಗಿ, ಉಸಿರಾಟ ಯಾವುದರಲ್ಲಿ ನಿಂತಿತೋ ಅದೇ.

ಒಂದರ ಔಟ್ ಇನ್ನೊಂದರ ಇನ್ ಎಂದು ಸರಪಳಿ ಕಟ್ಟುವಾಗ ಕೊನೆಯದು ಮೊದಲನೆಯದಕ್ಕೇ ಸುತ್ತಿ ಬಂದರೆ ಎಲ್ಲ ದೀಪಗಳೂ ಹಸಿರು, ಎಲ್ಲರೂ ಒಬ್ಬರನ್ನೊಬ್ಬರು ಹಿಂಬಾಲಿಸುತ್ತ ಎಲ್ಲೋ ಒಂದು ತುದಿಗೆ ಹೋಗಿ ನಿಲ್ಲುತ್ತಾರೆ. ಜಿಪಿಎಸ್‌ಡಿಒ ಬಿಚ್ಚಿದರೂ ಲಾಕ್ ದೀಪ ಉರಿಯುತ್ತಲೇ ಇದ್ದರೆ ಇದೇ ರೋಗ.

ಗುನುಗು

10 ಮೆಗಾಹರ್ಟ್ಜ್‌ನಲ್ಲಿ ಕಾಣದ ಕೊಳೆ ಮೇಲೆ ಹೋದಾಗ ಕಾಣುತ್ತದೆ. ಗುಣಿಸಿದಷ್ಟೂ ಅದು ಬೆಳೆಯುತ್ತದೆ: 144 ಮೆಗಾಹರ್ಟ್ಜ್‌ಗೆ ಒಯ್ದಾಗ 23 ಡಿಬಿ, 10 ಗಿಗಾಹರ್ಟ್ಜ್‌ಗೆ 60 ಡಿಬಿ. ರೆಫರೆನ್ಸ್‌ನಲ್ಲಿ ಮೈನಸ್ 90 ಡಿಬಿ ಇದ್ದ 50 ಹರ್ಟ್ಜ್ ಅಲುಗಾಟ ಎಲ್‌ಎನ್‌ಬಿ ದಾಟಿದ ಮೇಲೆ ಮೈನಸ್ 30. ಕ್ಯಾರಿಯರ್‌ನ ಎರಡು ಬದಿಗೂ 50, 100 ಹರ್ಟ್ಜ್ ದೂರದಲ್ಲಿ ರೆಕ್ಕೆಗಳು, ಕಿವಿಗೆ ಗುನುಗು. ಕರೆಂಟ್ ಹೋಗಿ ಇನ್ವರ್ಟರ್ ಹಿಡಿದಾಗ ಇದು ಜೋರಾದರೆ ಚೌಕ ಅಲೆಯ ಇನ್ವರ್ಟರ್ ಕಾರಣ. ಜಿಪಿಎಸ್‌ಡಿಒ ಮತ್ತು ಆಂಪ್ಲಿಫೈಯರ್ ಅನ್ನು 12 ವೋಲ್ಟ್ ಬ್ಯಾಟರಿಯಿಂದ ನಡೆಸಿ ನೋಡಿ. ಗುನುಗು ಹೋದರೆ ಅಡಾಪ್ಟರ್ ತಪ್ಪು, ಹೋಗದಿದ್ದರೆ ಗ್ರೌಂಡ್ ಸುತ್ತು (ಕೇಬಲ್ಲಿನ ಹೊರಮೈ ಮತ್ತು ಅರ್ಥಿಂಗ್ ಸೇರಿ ಕರೆಂಟ್ ಸುತ್ತುವ ದಾರಿ).

ಗ್ರೌಂಡ್ ಸುತ್ತು ಮುರಿಯಲು ಪೆಟ್ಟಿಗೆಯ ಕಡೆ 1:1 ಟ್ರಾನ್ಸ್‌ಫಾರ್ಮರ್ ಹಾಕಿ: ಎಫ್‌ಟಿ50-43 ಉಂಗುರದ ಮೇಲೆ ಹೆಣೆದ ಎರಡು ಎನಾಮಲ್ ತಂತಿ, 8 ಸುತ್ತು. ಕೇಬಲ್ ಕಡೆಯ ಬಿಎನ್‌ಸಿ ಕನೆಕ್ಟರ್‌ನ ಹೊರಮೈ ಲೋಹದ ಡಬ್ಬಿಗೆ ತಾಗಬಾರದು, ತಾಗಿದರೆ ಮಾಡಿದ್ದೆಲ್ಲ ದಂಡ. ಗುನುಗು ಹೋಗಲೆಂದು ಪ್ಲಗ್ಗಿನ ಮೂರನೇ ಪಿನ್ ಕೀಳುವವರಿದ್ದಾರೆ, ಆ ಕೆಲಸ ಮಾತ್ರ ಮಾಡಬೇಡಿ.

ರೆಕ್ಕೆಯಿಲ್ಲದೆ ಕ್ಯಾರಿಯರ್ ಒಟ್ಟಾರೆ ಹತ್ತಿಯಂತೆ ಉಬ್ಬಿದ್ದರೆ 25 ಮೆಗಾಹರ್ಟ್ಜ್ ಮಾಡುವ ಸಿಂಥಸೈಜರ್ ಬೋರ್ಡ್ ನೋಡಿ. ಎಲ್‌ಎನ್‌ಬಿ ಅದನ್ನು 390ರಿಂದ ಗುಣಿಸುತ್ತದೆ, ಅಂದರೆ 52 ಡಿಬಿ. ಅಗ್ಗದ ಬೋರ್ಡಿನ ನಡುಕ ಅಷ್ಟೂ ಅಲ್ಲಿ ತೆರೆದುಕೊಳ್ಳುತ್ತದೆ. ರೆಫರೆನ್ಸ್ ಹಂಚಿಕೆಯಿಂದ ಇದನ್ನು ಸರಿಪಡಿಸಲಾಗದು, ಬೋರ್ಡ್ ಬದಲಿಸಬೇಕು.

ಕೊನೆಗೆ ತಾರಸಿ

ಇಷ್ಟೆಲ್ಲ ಆದ ಮೇಲೆ ಜಿಪಿಎಸ್‌ಡಿಒ ಮೇಲೆ ಅನುಮಾನಪಡಬಹುದು. ಚೆನ್ನಾಗಿ ಕಾದ ಇನ್ನೊಂದು ಒಳ್ಳೆಯ ಆಸಿಲೇಟರ್‌ನ ಎದುರು ಸ್ಕೋಪಿನ ಎರಡು ಚಾನೆಲ್‌ನಲ್ಲಿ ಇಡಿ, ಒಂದಕ್ಕೆ ಟ್ರಿಗರ್ ಕೊಟ್ಟು ಇನ್ನೊಂದು ಜಾರುವುದನ್ನು ನೋಡಿ. ಒಂದು ಪೂರ್ತಿ ಅಲೆ 100 ನ್ಯಾನೊಸೆಕೆಂಡ್. ಅದು ಜಾರಲು 100 ಸೆಕೆಂಡ್ ಹಿಡಿದರೆ ಎರಡರ ನಡುವಿನ ವ್ಯತ್ಯಾಸ ನೂರು ಕೋಟಿಗೆ ಒಂದು ಪಾಲು, 10 ಸೆಕೆಂಡಾದರೆ ಹತ್ತು ಕೋಟಿಗೆ ಒಂದು. ಮೈಸೂರಿನಿಂದ ಕ್ಯೂಒ-100 ಪಶ್ಚಿಮಕ್ಕೆ, ತುಸು ದಕ್ಷಿಣಕ್ಕೆ ವಾಲಿ, ಸುಮಾರು 31 ಡಿಗ್ರಿ ಎತ್ತರದಲ್ಲಿ ಸಿಗುತ್ತದೆ. ಅದರ 10489.750 ಮೆಗಾಹರ್ಟ್ಜ್ ಬೀಕನ್ (ಸದಾ ಬರುವ ಗುರುತಿನ ಸಿಗ್ನಲ್) ಎಲ್‌ಎನ್‌ಬಿಯ ಆಚೆ 739.750ರಲ್ಲಿ ಬೀಳಬೇಕು. ಉಪಗ್ರಹದ ಓಲಾಟದಿಂದ ಒಂದೆರಡು ಹತ್ತು ಹರ್ಟ್ಜ್ ಆಚೀಚೆ ಆದರೆ ಸಹಜ. ನೂರಾರು ಹರ್ಟ್ಜ್ ಆದರೆ ಜಿಪಿಎಸ್‌ಡಿಒ ಆಕಾಶವನ್ನು ಕಾಣುತ್ತಿಲ್ಲ.

ಆಂಟೆನಾ ಕೇಬಲ್ಲಿನ ಮೇಲಿನ ತುದಿಯಲ್ಲಿ ಮಲ್ಟಿಮೀಟರ್ ಇಟ್ಟು ಆಂಟೆನಾ ನಡೆಸುವ 3.3 ಅಥವಾ 5 ವೋಲ್ಟ್ ಬರುತ್ತಿದೆಯೇ ನೋಡಿ. ನಡುವೆ ಡಿಸಿ ಬಿಡದ ಸ್ಪ್ಲಿಟರ್ ಇದ್ದರೆ ಆಂಟೆನಾ ಸತ್ತಂತೆಯೇ. ಜಿಪಿಎಸ್‌ನ 1575.42 ಮೆಗಾಹರ್ಟ್ಜ್‌ನಲ್ಲಿ ಆರ್‌ಜಿ-58 ಮೀಟರಿಗೆ ಮುಕ್ಕಾಲು ಡಿಬಿಯಷ್ಟು ನುಂಗುತ್ತದೆ, ಡಿಟಿಎಚ್‌ನ ಆರ್‌ಜಿ-6 ಅದರ ಅರ್ಧಕ್ಕಿಂತ ಕಡಿಮೆ. 75 ಓಮ್ ಆದರೂ ಇಲ್ಲಿ ಅದೇ ಮೇಲು. ಮಳೆ ಬಂದಾಗಷ್ಟೇ ಲಾಕ್ ಹೋದರೆ ಕನೆಕ್ಟರ್ ಬಿಚ್ಚಿ. ಹೆಣೆದ ಶೀಲ್ಡ್ ಹಸಿರುಗಟ್ಟಿದ್ದರೆ ನೀರು ಇಳಿದಿದೆ. ಅಷ್ಟುದ್ದ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ, ತನಗೆ ತಾನೇ ಅಂಟುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ಕೇಬಲ್ ಒಳಗೆ ಬರುವ ಮುನ್ನ ಒಂದು ಬಳುಕು ಬಿಡಿ. ಮಂಡ್ಯ ಕಡೆ ತೆಂಗಿನ ತೋಟದ ನಡುವಿನ ಮನೆಯಾದರೆ ಆಂಟೆನಾವನ್ನು ಗರಿಗಳಿಗಿಂತ ದೂರ ಇಡಬೇಕು. ಒದ್ದೆ ಗರಿ ಈ ಫ್ರೀಕ್ವೆನ್ಸಿಯನ್ನು ಚೆನ್ನಾಗಿಯೇ ಹೀರುತ್ತದೆ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಆಂಟೆನಾ ಕೇಬಲ್ ಬಿಚ್ಚಿಡಿ. ಮತ್ತೆ ಸಿಕ್ಕಿಸಿದ ಮೇಲೆ ಲಾಕ್ ದೀಪ ಬೇಗ ಹತ್ತಿದರೂ ಓವನ್ ಆಸಿಲೇಟರ್ (ಒಂದೇ ಬಿಸಿಯಲ್ಲಿ ಇಟ್ಟ ಆಸಿಲೇಟರ್) ನೆಲೆಯಾಗುವವರೆಗೆ, ಕನಿಷ್ಠ ಒಂದು ಗಂಟೆ, ಯಾವ ಅಳತೆಯನ್ನೂ ಬರೆದುಕೊಳ್ಳಬೇಡಿ.